ಓದುಗರ ಪ್ರಶ್ನೆ, ನಮ್ಮ ಉತ್ತರ: ರಾಕೆಟ್‌ಬಾಲ್ ಡ್ರೈವ್ ಸರ್ವ್ ಹಿಂದಿನ ಗ್ವಾಡಿಗೆ ಯಾಕ ಬಡಿತೈತಿ?

ಹೋದ ಸಂಚಿಕ್ಯಾಗ ಒಬ್ರು ರಾಕೆಟ್‌ಬಾಲ್ ಅಂದ್ರ ಏನ್ರಿ, ಸ್ಕ್ವಾಶ್‌ಗೂ ಅದಕ್ಕೂ ಏನ್ ಫರಕ್ ಅಂತ ಕೇಳಿದ್ರು, ನಾಕ್ ಸಾಲಿನಾಗ ಉತ್ತರ ಕೊಟ್ಟು ಮುಗಿಸಿದ್ವಿ. ಅಷ್ಟಕ್ಕs ಈ ತಿಂಗಳ ಬೆಳಗಾವಿ, ಬಾಗಲಕೋಟಿ, ವಿಜಯಪುರದ ಕಡೆಯಿಂದ ಬಂದ ಪತ್ರದಾಗ ಅರ್ಧಕ್ಕಿಂತ ಹೆಚ್ಚು ಅದರದೇ, ಅದರಾಗೂ ಎಲ್ಲಾರದೂ ಒಂದೇ ತ್ರಾಸು: ಡ್ರೈವ್ ಸರ್ವ್. ಹಿಂಗಾಗಿ ಕ್ರಿಕೆಟ್ಟು ಕಬಡ್ಡಿ ಪ್ರಶ್ನೆ ಎಲ್ಲಾ ಮುಂದಿನ ತಿಂಗಳಕ್ಕ ಸರಿಸೀವಿ, ಸಿಟ್ ಮಾಡ್ಕೋಬ್ಯಾಡ್ರಿ.

ಆಟ ನೋಡದವ್ರಿಗೆ ಗಡಿಬಿಡಿಲೆ ಹೇಳಿಬಿಡ್ತೀನಿ. 20 ಅಡಿ ಅಗಲ, 40 ಅಡಿ ಉದ್ದ, 20 ಅಡಿ ಎತ್ತರದ ಖೋಲಿ, ನಾಕೂ ಗ್ವಾಡಿ ಆಟದಾಗ ಇರ್ತಾವ, ಮ್ಯಾಲಿನ ಛತ್ತೂ ಆಟದಾಗ. ಮುಂದಿನ ಗ್ವಾಡಿಯಿಂದ 15 ಅಡಿಗೆ ಒಂದು ಗೆರಿ, 20 ಅಡಿಗೆ ಇನ್ನೊಂದು, ಆ ಎರಡರ ನಡುವಿನ 5 ಅಡಿ ಪಟ್ಟಿ ಒಳಗ ನಿಂತು ಸರ್ವ್ ಮಾಡ್ಬೇಕು. 20 ಅಡಿದಕ್ಕ ಶಾರ್ಟ್ ಲೈನ್ ಅಂತಾರ, ಅದರ ಹಿಂದ ಮತ್ತ 5 ಅಡಿಗೆ ತುಂಡ್ ತುಂಡ್ ಗೆರಿ ಇರತೈತಿ, ಅದು ರಿಸೀವಿಂಗ್ ಲೈನ್. ಬಾಲ್ ನೆಲಕ್ಕ ಒಮ್ಮಿ ಬಡ್ದು ಎದ್ದಾಗ ಹೊಡೀಬೇಕು, ಅದು ಮೊದ್ಲು ಮುಂದಿನ ಗ್ವಾಡಿಗೇ ತಾಗ್ಬೇಕು, ತಿರುಗಿ ಬಂದು ಶಾರ್ಟ್ ಲೈನ್ ದಾಟಿ ಬೀಳ್ಬೇಕು, ನಡುವ ಒಂದು ಬದಿ ಗ್ವಾಡಿ ತಾಗಿದ್ರ ನಡೀತೈತಿ. 1950ರ ಸುಮಾರಿಗೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಗ್ರೀನ್‌ವಿಚ್‌ನಾಗ ಜೋ ಸೋಬೆಕ್ ಅನ್ನಾವ ಶುರು ಮಾಡಿದ ಆಟ ಇದು. ಡ್ರೈವ್ ಸರ್ವ್ ಅಂದ್ರ ಕೆಳಮಟ್ಟದಾಗ, ಜೋರಾಗಿ, ಎದುರಿನಾವ ಹೆಜ್ಜಿ ಎತ್ತೂದ್ರಾಗ ಹಿಂದಿನ ಮೂಲಿಗೆ ಹೋಗಿ ಸಾಯೋ ಸರ್ವು.

ಉದ್ಯಮಬಾಗ, ಬೆಳಗಾವಿ

ಪ್ರಶ್ನೆ: ನಾವು ನಾಕು ಮಂದಿ ಸೇರಿ ದೋಸ್ತನ ಹಳೇ ಶೆಡ್‌ನಾಗ ಅಳತಿ ಪ್ರಕಾರ ಗ್ವಾಡಿ ಕಟ್ಟಿಸಿ ಕೋರ್ಟ್ ಮಾಡ್ಕೊಂಡೀವ್ರಿ. ನನ್ನ ಕೈಯಾಗ ತಾಕತ್ ಐತಿ, ಸರ್ವ್ ಹೊಡದ್ರ ಸಪ್ಪಳ ಫೌಂಡ್ರಿತನಕ ಕೇಳತೈತಿ. ಆದ್ರ ಪ್ರತಿಸಲ ಬಾಲ್ ಹಿಂದಿನ ಗ್ವಾಡಿಗೆ ಬಡ್ದು ಆರಾಮಾಗಿ ಹೊರಗ ಬರತೈತಿ, ದೋಸ್ತ ನಿಂತು ನಗ್‌ನಗ್ತಾ ಕೆಳಗ ಹೊಡ್ದು ಪಾಯಿಂಟ್ ಮುಗಿಸ್ತಾನ. ಇನ್ನೂ ಜೋರಾಗಿ ಹೊಡೀಬೇಕೇನು?

ಉತ್ತರ: ಬ್ಯಾಡ್ರಿ, ಇನ್ನೂ ಜೋರಾಗಿ ಹೊಡದ್ರ ನಿಮ್ಮ ದೋಸ್ತ ಇನ್ನೂ ಹೆಚ್ಚು ನಗ್ತಾನ. ಬಾಲ್ ಹಿಂದಿನ ಗ್ವಾಡಿಗೆ ಹೋಗಿ ವಾಪಸ್ ಬಂತು ಅಂದ್ರ ನೀವು ಅವನಿಗೆ ಟೈಮ್ ಕೊಟ್ರಿ ಅಂತನs ಅರ್ಥ, ಎಷ್ಟ್ ಜೋರಾಗಿ ಹೋಗಿತ್ತು ಅನ್ನೂದು ಲೆಕ್ಕಕ್ಕಿಲ್ಲ.

ನೀವು ನೋಡ್ಬೇಕಾದ್ದು ಒಂದೇ, ಮೊದಲನೇ ಟಪ್ಪಾ ಎಲ್ಲಿ ಬೀಳತೈತಿ ಅಂತ. ಶಾರ್ಟ್ ಲೈನ್ ದಾಟಿದ ಕೂಡ್ಲೇ, ಆ ತುಂಡ್ ಗೆರಿಗಿಂತ ಮುಂಚೆ, ಅಂದ್ರ 20ರಿಂದ 25 ಅಡಿ ನಡುವ ಬೀಳ್ಬೇಕು, ಅದರಾಗೂ ಶಾರ್ಟ್ ಲೈನ್‌ಗೆ ಹತ್ರ ಬಿದ್ದಷ್ಟು ಚಲೋ. ಅಲ್ಲಿ ಬಿದ್ರ ಎರಡನೇ ಟಪ್ಪಾ ಹಿಂದಿನ ಗ್ವಾಡಿ ಮುಟ್ಟೂಕಿಂತ ಮೊದ್ಲು ಬೀಳತೈತಿ, ಇಲ್ಲಾ ಮುಟ್ಟಿದ್ರೂ ಗ್ವಾಡಿ ಬುಡಕ್ಕ ಮುಟ್ಟಿ ಅಲ್ಲೇ ಕುಂದರತೈತಿ. ನಿಮ್ಮದು ಬಹುಶಃ 28–30 ಅಡಿಗೆ ಬೀಳ್ತಿರ್ಬೇಕು. ಒಂದು ಹಳೇ ಪೇಪರ್ ಹಾಳಿ ತಗೊಂಡು ಶಾರ್ಟ್ ಲೈನ್ ಹಿಂದ ಎರಡಡಿಗೆ, ಎಡಗಡೆ ಗ್ವಾಡಿ ಕಡೆ ಹಾಸಿ ನೋಡ್ರಿ, ಹತ್ತು ಸರ್ವ್‌ನಾಗ ಎಷ್ಟು ಪೇಪರ್ ಮ್ಯಾಲೆ ಬೀಳ್ತಾವ ಅಂತ, ಕಣ್ಣಿಗಿಂತ ಕಿವಿಗೇ ಮೊದ್ಲು ಗೊತ್ತಾಗತೈತಿ.

ಈಗ ಯಾಕ ಉದ್ದ ಹೋಗತೈತಿ ಅನ್ನೂದು. ಹತ್ತರಾಗ ಎಂಟು ಮಂದಿಗೆ ತಪ್ಪು ಹೊಡ್ಯೂದ್ರಾಗ ಇರಂಗಿಲ್ಲ, ಬಾಲ್ ಬಿಡೂದ್ರಾಗ ಇರತೈತಿ. ಟೆನಿಸ್ ನೋಡಿ ನೋಡಿ ಎದಿಮಟ್ಟದಿಂದ ಬಾಲ್ ಬಿಡ್ತಾರ, ಇಲ್ಲಾ ಕೆಳಗ ಜಜ್ಜತಾರ, ಅದು ಎದ್ದು ಸೊಂಟಕ್ಕ ಬರತೈತಿ, ಅಲ್ಲಿಂದ ಹೊಡದ್ರ ಬಾಲ್ ಮ್ಯಾಲಿಂದ ಕಡಿದಾಗಿ ಇಳೀತೈತಿ, ಕಡಿದಾಗಿ ಇಳಿದದ್ದು ಎತ್ತರ ಪುಟೀತೈತಿ, ಎತ್ತರ ಪುಟಿದದ್ದು ಸೀದಾ ಹಿಂದಿನ ಗ್ವಾಡಿಗೆ. ರಾಕೆಟ್‌ಬಾಲ್ ನಿಯಮದಾಗ ಬಾಲಿಗೇ ಒಂದು ಅಳತಿ ಐತಿ, 100 ಇಂಚು ಮ್ಯಾಲಿಂದ ಬಿಟ್ರ ಅದು 68ರಿಂದ 72 ಇಂಚು ಏಳಬೇಕು ಅಂತ. ಅಂದ್ರ ಬಿಟ್ಟ ಎತ್ತರದ ಹತ್ತರಾಗ ಏಳು ಪಾಲು. ಈ ಲೆಕ್ಕ ಭಾಳ ಉಪಯೋಗದ್ದು: 30 ಇಂಚಿನಿಂದ, ಅಂದ್ರ ತೊಡಿ ಮಟ್ಟದಿಂದ, ಸುಮ್ನ ಕೈ ಬಿಟ್ರ ಬಾಲ್ 20–21 ಇಂಚು ಏಳತೈತಿ, ಅದು ನಿಮ್ಮ ಮೊಳಕಾಲಿನ ಎತ್ತರ. ಅಲ್ಲೇ, ಇಲ್ಲಾ ಇಳಿಯೂಕತ್ತಿದಾಗ ಅದಕ್ಕಿಂತ ತುಸು ಕೆಳಗ, ಹೊಡೀಬೇಕು. ಜಜ್ಜಬ್ಯಾಡ್ರಿ, ಎಸೀಬ್ಯಾಡ್ರಿ, ಬಿಡ್ರಿ ಅಷ್ಟ.

ಎಲ್ಲಿ ಬಿಡಬೇಕು? ಬಲಗೈ ಆಟಗಾರ ಬಲಗಡೆ ಗ್ವಾಡಿಗೆ ಮುಖ ಮಾಡಿ ನಿಂತಿರ್ತಾನ, ಬಾಲ್ ಮೈಯಿಂದ ಕೈ-ರಾಕೆಟ್ ಚಾಚಿದ ದೂರದಾಗ, ಮುಂದಿನ ಗ್ವಾಡಿ ಕಡೆ ಒಂದು ಹೆಜ್ಜಿ ಮುಂದ ಬೀಳ್ಬೇಕು, ಯಾಕಂದ್ರ ನೀವು ಅದರ ಮ್ಯಾಲೆ ಹೆಜ್ಜಿ ಇಟ್ಕೊಂಡು ಹೋಗೂರು. ಬಲಗಾಲು ಸಣ್ಣ ಹೆಜ್ಜಿ, ಎಡಗಾಲು ದೊಡ್ಡ ಹೆಜ್ಜಿ, ಎಡಗಾಲು ಊರೂದು ರಾಕೆಟ್ ಬಾಲಿಗೆ ತಾಗೂದು ಹೆಚ್ಚೂ ಕಡಿಮಿ ಒಂದೇ ಹೊತ್ತಿಗೆ. 5 ಅಡಿ ಪಟ್ಟಿ ಕೊಟ್ಟಾರ, ಪೂರಾ ಬಳಸ್ಕೋರಿ, ಎಷ್ಟೋ ಮಂದಿ ಮುಂದಿನ ಗೆರಿಗೇ ಅಂಟ್ಕೊಂಡು ನಿಂತು ಬರೇ ತೋಳಿನಿಂದ ಹೊಡ್ದು ಆಮ್ಯಾಲೆ ಭುಜ ನೂಸ್ತೈತಿ ಅಂತಾರ. ಕೈ ಬರೂದು ಮ್ಯಾಲಿಂದ ಕೆಳಗ ಅಲ್ಲ, ಬದಿಯಿಂದ, ಮೊಳಕೈ ಮುಂದ, ಕೆರ್ಯಾಗ ಚಪ್ಪಟಿ ಕಲ್ಲು ಎಸ್ದು ಕಪ್ಪಿ ಹಾರಿಸ್ತೀವಲ್ಲ, ಆ ಕೈ. ರಾಕೆಟ್ಟಿನ ಮುಖ ತುಸು ಮ್ಯಾಲೆ ತಿರುಗಿತ್ತು ಅಂದ್ರ ಉಳಿದದ್ದೆಲ್ಲಾ ಸರಿ ಇದ್ರೂ ಬಾಲ್ ಏರತೈತಿ.

ಇನ್ನ ಮುಂದಿನ ಗ್ವಾಡಿಮ್ಯಾಲೆ ಎಷ್ಟು ಎತ್ತರಕ್ಕ ಹೊಡೀಬೇಕು ಅನ್ನೂದು. ವಿಡಿಯೋ ನೋಡಿ ಎಲ್ಲಾರೂ ದೊಡ್ಡ ಆಟಗಾರರ ಹಂಗ ಒಂದಡಿ ಎತ್ತರಕ್ಕ ಹೊಡ್ಯೂಕ್ ಹೋಗ್ತಾರ, ಬಾಲ್ ಶಾರ್ಟ್ ಲೈನ್ ದಾಟದs ಬೀಳತೈತಿ, ಫಾಲ್ಟ್, ಅಂದ್ರ ಸರ್ವ್ ತಪ್ಪು. ಅವರ ಸ್ಪೀಡ್ ಬ್ಯಾರೆ. ತಾಸಿಗೆ 160 ಕಿಲೋಮೀಟರ್ ಹೊಡ್ಯಾವನ ಬಾಲ್ ಹೋಗಿ ಬರೂದ್ರಾಗ ಕೆಳಗ ಇಳಿಯೂದು ಕಡಿಮಿ, ಅವನಿಗೆ ಒಂದರಿಂದ ಒಂದೂವರಿ ಅಡಿ ಸಾಕು. 100ರ ಆಸುಪಾಸು ಹೊಡ್ಯೂ ನಮ್ಮಂಥವ್ರಿಗೆ ಎರಡು, ಎರಡೂವರಿ ಅಡಿ ಬೇಕು, ಯಾಕಂದ್ರ ಗಾಳ್ಯಾಗ ಇರೂ ಹೊತ್ತು ಹೆಚ್ಚಾದಷ್ಟು ಬಾಲ್ ಹೆಚ್ಚು ಕೆಳಗ ಬರತೈತಿ. ಹಿಂಗಾಗಿ ಮೊದ್ಲು ನಿಮ್ಮ ಮುಕ್ಕಾಲು ತಾಕತ್ತಿನ ಸ್ಪೀಡ್ ಒಂದು ಗಟ್ಟಿ ಮಾಡ್ಕೋರಿ, ಆ ಸ್ಪೀಡಿಗೆ ಪೇಪರ್ ಮ್ಯಾಲೆ ಬೀಳೂ ಎತ್ತರ ಯಾವುದು ಅಂತ ಗ್ವಾಡಿಮ್ಯಾಲೆ ಟೇಪ್ ಹಚ್ರಿ, ಅದು ನಿಮ್ಮ ಎತ್ತರ, ಇನ್ನೊಬ್ರದಲ್ಲ. ತಾಕತ್ ಆಮ್ಯಾಲೆ ಏರಿಸ್ರಿ, ಏರಿಸಿದಂಗ ಟೇಪ್ ಇಳಿಸ್ರಿ.

ಹಾಂ, ಮೊದಲ ವಾರ ರಾಕೆಟ್ ಇಲ್ದನs ಮಾಡ್ರಿ. ಬಾಲ್ ಬಿಡೂದು, ಎರಡ್ ಹೆಜ್ಜಿ, ಬಾಲ್ ಎಲ್ಲಿ ಎದ್ದು ಎಲ್ಲಿ ಬಿತ್ತು ನೋಡೂದು, ಅಷ್ಟ. ಬ್ಯಾಸರ ಬರತೈತಿ, ಗೊತ್ತೈತಿ, ಆದ್ರೂ ಮಾಡ್ರಿ.

ತಿಲಕವಾಡಿ, ಬೆಳಗಾವಿ

ಪ್ರಶ್ನೆ: ನಾನು ಗಂಡನ ನೌಕರಿ ಸಲುವಾಗಿ ಆರು ವರ್ಷ ಡಲ್ಲಾಸ್‌ನಾಗ ಇದ್ದಾಗ ಜಿಮ್ಮಿನ ಕೋರ್ಟ್‌ನಾಗ ಕಲ್ತೆ, ಈಗ ಊರಿಗೆ ಬಂದೀವಿ, ವರ್ಷಕ್ಕೊಮ್ಮೆ ಹೋದಾಗ ಹಳೇ ಗೆಳತ್ಯಾರ ಜೊತಿ ಆಡ್ತೀನಿ. ನನ್ನ ಡ್ರೈವ್ ಸರ್ವ್ ಎತ್ತರ ಸರಿ ಇರತೈತಿ, ಆದ್ರ ಎಡಗಡೆ ಮೂಲಿಗೆ ಅಂತ ಹೊಡದ್ರ ಬದಿ ಗ್ವಾಡಿಗೆ ಬಡ್ದು ಕೋರ್ಟಿನ ನಡಕ ಬಂದ್ ನಿಂದರತೈತಿ. ಇನ್ನೂ ಎಡಕ್ಕ ಹೊಡಿಲಾ?

ಉತ್ತರ: ತಂಗಿ, ಇನ್ನೂ ಎಡಕ್ಕಲ್ಲ, ಬಲಕ್ಕ. ಇದು ಭಾಳ ಮಂದಿಗೆ ನಂಬಿಕಿ ಬರದ ಮಾತು, ಹಿಂಗಾಗಿ ಲೆಕ್ಕಾನೇ ಹಾಕಿ ತೋರಸ್ತೀನಿ.

ನೀವು ಬಾಲ್ ಹೊಡ್ಯೂ ಜಾಗ ಮುಂದಿನ ಗ್ವಾಡಿಯಿಂದ 16 ಅಡಿ, ಎಡಗ್ವಾಡಿಯಿಂದ 10 ಅಡಿ, ಅಂದ್ರ ಕೋರ್ಟಿನ ಸರಿಯಾಗಿ ನಡುವ ಅಂತ ಇಟ್ಕೋರಿ. ಬಾಲ್ ಮುಂದ 16 ಅಡಿ ಹೋಗತೈತಿ, ಆಮ್ಯಾಲೆ ಹಿಂದಿನ ಮೂಲಿತನಕ 40 ಅಡಿ ಬರತೈತಿ, ಒಟ್ಟು 56. ಈ 56 ಅಡಿ ದಾರ್ಯಾಗ ಅದು ಎಡಕ್ಕ 10 ಅಡಿ ಸರೀಬೇಕು. ಹಂಗಾದ್ರ ಮೊದಲ 16 ಅಡಿಯೊಳಗ ಎಷ್ಟು ಸರೀಬೇಕು? ಸುಮಾರು 3 ಅಡಿ, ಅಷ್ಟ. ಆದ್ರ ಎಲ್ಲಾರೂ ಏನ್ ಮಾಡ್ತಾರ, ಎಡಗಡೆ ಹೋಗ್ಬೇಕಲ್ಲ ಅಂತ ಮುಂದಿನ ಗ್ವಾಡಿಮ್ಯಾಲೆ ತಮಗೂ ಎಡಗ್ವಾಡಿಗೂ ಅರ್ಧದಾರಿ, ಅಂದ್ರ 5 ಅಡಿ ಎಡಕ್ಕ ಗುರಿ ಇಡ್ತಾರ. ಅಲ್ಲಿಗೆ ಹೊಡದ್ರ ಬಾಲ್ ತಿರುಗಿ 16 ಅಡಿ ಬರೂದ್ರಾಗ, ಅಂದ್ರ ಇನ್ನೂ ಶಾರ್ಟ್ ಲೈನ್‌ನೂ ದಾಟೂಕಿಂತ ಮೊದ್ಲು, ಬದಿ ಗ್ವಾಡಿಗೆ ಬಡೀತೈತಿ, ಆಮ್ಯಾಲೆ ಎಲ್ಲಿ ಹೋಗ್ಬೇಕು ಅದು, ನಡಕs ಬರಬೇಕು. ನಿಮಗ ಆಗಾತಿದ್ದದ್ದು ಇದೇ.

ಬಾಲಿಗೆ ಸುತ್ತು ಇದ್ರ, ಗ್ವಾಡಿ ಪ್ಲಾಸ್ಟರ್ ಒರಟಿದ್ರ ಲೆಕ್ಕ ತುಸು ಆಚಿ ಈಚಿ ಆಗತೈತಿ, ಆದ್ರೂ 3 ಅಡಿಯಿಂದ ಶುರು ಮಾಡ್ರಿ. ಇದರಾಗ ಇನ್ನೊಂದು ಮಜಾ ಐತಿ. ಶಾರ್ಟ್ ಲೈನ್ ದಾಟಿ ಎರಡಡಿಗೆ, ಬದಿ ಗ್ವಾಡಿ ನೆಲ ಕೂಡೂ ಸಂದಿಗೆ ಬಾಲ್ ಬಿತ್ತು ಅಂದ್ರ ಅದು ಉಳ್ಳಿಕೊಂಡು ಹೋಗತೈತಿ, ಯಾವ ಆಟಗಾರನೂ ಎತ್ತಂಗಿಲ್ಲ. ಅದಕ್ಕ ಎಷ್ಟು ಎಡಕ್ಕ ಹೊಡೀಬೇಕು ಅಂತ ಇದೇ ಲೆಕ್ಕ ಹಾಕಿದ್ರ 4 ಅಡಿ ಚಿಲ್ರೆ ಬರತೈತಿ. ಮೂಲಿಗೆ 3, ಸಂದಿಗೆ 4, ಅರ್ಧದಾರಿ ಅಂದ್ರ 5 ಮತ್ತ ಕೆಲಸ ಕೆಟ್ಟಂಗ. ಒಂದು ಅಡಿ ಒಳಗs ಎಲ್ಲಾ ಆಟ ಐತಿ ನೋಡ್ರಿ. ಅದಕ್ಕs ನನ್ನ ಕೇಳಿದ್ರ ಕಲಿಯೂ ಹಂತದಾಗ ಸಂದಿಗೆ ಗುರಿ ಇಡಬ್ಯಾಡ್ರಿ, ಮೂಲಿಗೇ ಇಡ್ರಿ, ತಪ್ಪಿ ತುಸು ಎಡಕ್ಕ ಹೋತಂದ್ರ ಸಂದಿ ಸಿಗತೈತಿ, ಸಂದಿಗೆ ಗುರಿ ಇಟ್ಟು ತಪ್ಪಿದ್ರ ನಡಕ ಬರತೈತಿ.

ಬಾಲ್ ಮೈಗೆ ಭಾಳ ಹತ್ರ ಬಿಟ್ರೂ ಕೈ ಮುದುಡಿ ರಾಕೆಟ್ ತಿರುಗಿ ಎಡಕ್ಕ ಎಳೀತೈತಿ, ಅದನ್ನೂ ನೋಡ್ಕೋರಿ. ಇನ್ನ ಎಡಕ್ಕs ಯಾಕ ಅಂದ್ರ ಬಲಗೈ ಆಟಗಾರರ ಬ್ಯಾಕ್‌ಹ್ಯಾಂಡ್ ಆ ಕಡೆ, ಆದ್ರ ಅದೇ ಹೆಜ್ಜಿ, ಅದೇ ಜಾಗದಾಗ ಬಿಟ್ಟ ಬಾಲ್, ಅದನ್ನs ನಾಕಾರು ಸರ್ವ್‌ಗೊಮ್ಮೆ ಬಲಕ್ಕ ಹೊಡೀರಿ. ಹೆಜ್ಜಿ ಬದಲಾದ್ರ ಎದುರಿನಾಕಿ ನಿಮ್ಮ ಸರ್ವ್ ಮೊದ್ಲೇ ಓದಿಬಿಡ್ತಾಳ.

ಇನ್ನೊಂದು ಪತ್ರ, ಅದೂ ಉದ್ಯಮಬಾಗದ್ದೇ

ಪ್ರಶ್ನೆ: ನಮ್ಮ ಗೆಳ್ಯಾ ಒಬ್ಬ ಭಾಳ ಜೋರಾಗಿ ಸರ್ವ್ ಹೊಡೀತಾನ, ಈಗ ತನಕ ಹಿಂದಿನ ಗ್ವಾಡಿಯಿಂದ ಬರ್ತಿತ್ತು, ಆರಾಮ ಹೊಡೀತಿದ್ದೆ. ಅವ ನಿಮಗ ಪತ್ರ ಬರ್ದಾನಂತ ಸುದ್ದಿ ಐತಿ. ಮುಂದ ನಾ ಏನ್ ಮಾಡ್ಲಿ?

ಉತ್ತರ: ಇದು ಅದೇ ಶೆಡ್ ಇರ್ಬೇಕು. ನಮಗ ಇಬ್ರೂ ಓದುಗರೇ, ಹಿಂಗಾಗಿ ನಿಮಗೂ ಹೇಳ್ತೀವಿ.

ಹಿಂದಿನ ಗ್ವಾಡಿಯಿಂದ ಒಂದು ಕೈ-ರಾಕೆಟ್ ಉದ್ದ ಮುಂದ, ಎಡ-ಬಲದ ಸರಿಯಾಗಿ ನಡುವ ನಿಂದರ್ರಿ, ಮೊಳಕಾಲು ಬಾಗಿಸ್ರಿ. ಬಾಲ್ ಗ್ವಾಡಿಗೆ ತಾಗಿದ ಮ್ಯಾಲೆ ನೋಡೂದಲ್ಲ, ಅವನ ಎಡಗೈ ನೋಡ್ರಿ, ಬಾಲ್ ಎಲ್ಲಿ ಬಿಟ್ಟ, ಎಷ್ಟೆತ್ತರ ಎದ್ದಿತು. ಮೈಗೆ ಹತ್ರ ಬಿಟ್ಟ ಅಂದ್ರ ಬಹುಶಃ ಎಡಕ್ಕ. ಓಡೂದಲ್ಲ, ಒಂದು ಕಾಲು ಇನ್ನೊಂದರ ಮುಂದ ಅಡ್ಡ ಹಾಕಿ ಒಂದೇ ದೊಡ್ಡ ಹೆಜ್ಜಿ. ಮತ್ತ ಚಲೋ ಡ್ರೈವ್ ಸರ್ವ್ ಬಂದಾಗ ಪಾಯಿಂಟ್ ಗೆಲ್ಲೂಕ್ ಹೋಗಬ್ಯಾಡ್ರಿ, ಬಾಲ್ ಛತ್ತಿಗೆ ಎತ್ರಿ, ಮುಂದಿನ ಗ್ವಾಡಿಗೆ ಹತ್ರ ಛತ್ತಿಗೆ ತಾಗಿದ್ರ ಅದು ಪುಟಿದು ಹಿಂದಿನ ಮೂಲಿಗೆ ಹೋಗತೈತಿ, ಅವ ನಡುವ ಬಿಟ್ಟು ಹಿಂದ ಓಡಬೇಕಾಗತೈತಿ. ತುಂಡ್ ಗೆರಿ ದಾಟಿ ಮುಂದ ಹೋಗೂದು ಬಾಲ್ ನೆಲಕ್ಕ ಬಿದ್ದ ಮ್ಯಾಲೆ, ಇಲ್ಲಾ ಬಾಲ್ ಆ ಗೆರಿ ದಾಟಿದ ಮ್ಯಾಲೆ ಮಾತ್ರ.

ಕಣ್ಣಿಗೆ ಕನ್ನಡಕ ಹಾಕ್ತೀರಿಲ್ಲೋ ಇಬ್ರೂ? ಪತ್ರದಾಗ ಬರ್ದಿಲ್ಲ. ನಾಕೂ ಕಡೆ ಮುಚ್ಚಿದ ಖೋಲಿ ಒಳಗ ಇಬ್ರು ಆಡೂವಾಗ ಈ ಬಾಲ್ ಮುಖದ ಮ್ಯಾಲೆ ಬರೂದು ಕಣ್ಣು ಮಿಟಕಿಸೂದ್ರಾಗ, ಅದರಾಗೂ ಸರ್ವ್ ಮಾಡಿದಾವ ಹಿಂದ ತಿರುಗಿ ನೋಡಿದಾಗ. ಹವ್ಯಾಸಿ ಟೂರ್ನಮೆಂಟ್‌ನಾಗ ಕನ್ನಡಕ ಇಲ್ದ ಒಳಗs ಬಿಡಂಗಿಲ್ಲ. ಪಾಲಿಕಾರ್ಬೋನೇಟ್ ಗಾಜಿಂದು, ಎಎಸ್‌ಟಿಎಂ ಎಫ್3164 (ಹಳೇದಾದ್ರ ಎಫ್803) ಅಂತ ಅಮೆರಿಕದ ಮಾನದಂಡದ ಗುರುತು ಇದ್ದದ್ದು ತರಿಸ್ಕೋರಿ, ಗಾಜಿಲ್ದ ಬರೇ ಜಾಳಿಗಿ ಫ್ರೇಮ್ ತಗೋಬ್ಯಾಡ್ರಿ. ಶೆಡ್ ಕಟ್ಟೂಕ್ ಅಷ್ಟು ರೊಕ್ಕ ಹಾಕೀರಿ, ಇದಕ್ಕ ಹಿಂದ ಮುಂದ ನೋಡಬ್ಯಾಡ್ರಿ. ರಾಕೆಟ್ಟಿನ ದಾರಾನೂ ಮಣಿಕಟ್ಟಿಗೆ ಹಾಕ್ಕೊಂಡೇ ಆಡ್ರಿ.

ನವನಗರ, ಬಾಗಲಕೋಟಿ

ಪ್ರಶ್ನೆ: ನಾ ಇಂಜಿನಿಯರಿಂಗ್ ಓದಾತೀನಿ. ನಮ್ಮಣ್ಣ ಅಮೆರಿಕಾದಿಂದ ರಾಕೆಟ್‌ಬಾಲ್ ರಾಕೆಟ್ಟು, ನೀಲಿ ಬಾಲ್ ತಂದು ಕೊಟ್ಟಾನ. ನನಗ ಸಿಗೂದು ಸ್ಕ್ವಾಶ್ ಕೋರ್ಟ್ ಮಾತ್ರ, ಅಲ್ಲಿ ಡ್ರೈವ್ ಸರ್ವ್ ಕಲೀಬಹುದಾ? ಕೆಳಗ ಹೊಡದ್ರ ಢಣ್ ಅಂತೈತಿ.

ಉತ್ತರ: ಅರ್ಧ ಕಲೀಬಹುದು. ಆ ಢಣ್ ಅನ್ನೂದು ಟಿನ್, ಅಂದ್ರ ತಗಡಿನ ಪಟ್ಟಿ, ಸ್ಕ್ವಾಶ್ ಕೋರ್ಟ್‌ನಾಗ ಮುಂದಿನ ಗ್ವಾಡಿ ಬುಡಕ್ಕ 19 ಇಂಚು ಎತ್ತರ ಇರತೈತಿ. ಒಂದೂವರಿ ಅಡಿ ಅಂದ್ರ 18 ಇಂಚು, ಅಂದ್ರ ಜೋರಿನ ಡ್ರೈವ್ ಸರ್ವ್ ಹೋಗೂ ಜಾಗಾನೇ ಅಲ್ಲಿಲ್ಲ. ಆದ್ರ ನಾ ಮ್ಯಾಲೆ ಹೇಳ್ದಂಗ ಕಲಿಯೋರು ಎರಡಡಿಗೆ ಹೊಡದ್ರ ಟಿನ್‌ಗಿಂತ 5 ಇಂಚು ಮ್ಯಾಲೆ ಹೋಗತೈತಿ, ಅದು ನಡೀತೈತಿ, ಮತ್ತ ಟಿನ್ ಸಪ್ಪಳ ಬಂತು ಅಂದ್ರ ಭಾಳ ಕೆಳಗ ಹೋತು ಅಂತ ಯಾರೂ ಹೇಳಬೇಕಾಗಿಲ್ಲ, ಒಬ್ಬಾವ ಪ್ರಾಕ್ಟೀಸ್ ಮಾಡೂದಕ್ಕ ಇದು ಖರೇ ಹೇಳ್ಬೇಕಂದ್ರ ಅನುಕೂಲ.

ತ್ರಾಸು ಹಿಂದ ಐತಿ. ಸ್ಕ್ವಾಶ್ ಕೋರ್ಟ್ 32 ಅಡಿ ಉದ್ದ, 21 ಅಡಿ ಅಗಲ, ಅದರ ಶಾರ್ಟ್ ಲೈನ್ ಮುಂದಿನ ಗ್ವಾಡಿಯಿಂದ 18 ಅಡಿಗೆ. ರಾಕೆಟ್‌ಬಾಲ್‌ನಾಗ ಶಾರ್ಟ್ ಲೈನ್ ಹಿಂದ 20 ಅಡಿ ಸಿಗತೈತಿ, ಅಲ್ಲಿ 14. ಹಿಂಗಾಗಿ ನೀವು ಎಷ್ಟ ಚಲೋ ಹೊಡದ್ರೂ ಬಾಲ್ ಹಿಂದಿನ ಗ್ವಾಡಿಗೆ ಹೋಗತೈತಿ, ಅದನ್ನ ನೋಡಿ ಬ್ಯಾಸರ ಮಾಡ್ಕೋಬ್ಯಾಡ, ಹಿಂದಿನ ಗ್ವಾಡಿ ಮರ್ತಬಿಡು. 15 ಅಡಿಗೆ, 20 ಅಡಿಗೆ ಕಾಗದದ ಟೇಪ್ ಹಚ್ಚು, ಕ್ಲಬ್‌ನವ್ರನ್ನ ಮೊದ್ಲು ಕೇಳು ಮತ್ತ, ನೆಲಾ ಕಟ್ಟಿಗಿದು ಇರತೈತಿ, ಅವ್ರಿಗೆ ಸಿಟ್ ಬರತೈತಿ. ಮೊದಲ ಟಪ್ಪಾ 20ರ ಗೆರಿ ದಾಟಿ ಎಲ್ಲಿ ಬಿತ್ತು ಅನ್ನೂದಷ್ಟ ನೋಡು. ಬಾಲ್ ಬಿಡೂದು, ಹೆಜ್ಜಿ, ಕೈ, ಮೂರೂ ಅಲ್ಲೇ ಕಲಿಯೂಕ ಬರತೈತಿ.

ಅಂದಂಗ ಸ್ಕ್ವಾಶ್ ಕೋರ್ಟ್‌ನಾಗ ಇಂಥಾ ದೊಡ್ಡ ಬಾಲ್, ಗಿಡ್ಡ ರಾಕೆಟ್ ಹಿಡ್ದು ಆಡೂ ಬ್ಯಾರೇ ಆಟಾನೇ ಐತಿ, ಇಂಗ್ಲೆಂಡಿನ ಕಡೆ ಹುಟ್ಟಿದ್ದು, 2016ರಿಂದ ಅದಕ್ಕ ಸ್ಕ್ವಾಶ್ 57 ಅಂತಾರ, ಬಾಲಿನ ಅಗಲ 57 ಮಿಲಿಮೀಟರ್ ಅದಕ್ಕ. ನಿನಗ ಜೊತಿ ಸಿಕ್ರ ಅದನ್ನs ಆಡು, ಆ ಆಟದಾಗ ಸರ್ವ್‌ಗಿಂತ ಓಡಾಟ ಹೆಚ್ಚು.

ಸೋಲಾಪುರ ರೋಡ್, ವಿಜಯಪುರ

ಪ್ರಶ್ನೆ: ಥಂಡಿ ದಿನದಾಗ ನನ್ನ ಸರ್ವ್ ಚಲೋ ಬೀಳ್ತದ, ಬ್ಯಾಸಗಿ ಬಂತಂದ್ರ ಅದೇ ಸರ್ವ್ ಹಿಂದಿನ ಗ್ವಾಡಿಗೆ ಹೋಗ್ತದ. ನನ್ನ ಭ್ರಮೀನೋ ಖರೇನೋ?

ಉತ್ತರ: ಖರೇ. ಮ್ಯಾಲೆ ಹೇಳಿದ 68–72 ಇಂಚಿನ ಲೆಕ್ಕ 70ರಿಂದ 74 ಡಿಗ್ರಿ ಫ್ಯಾರನ್‌ಹೀಟ್‌ನಾಗ, ಅಂದ್ರ ನಮ್ಮ ಲೆಕ್ಕದಾಗ 21–23 ಡಿಗ್ರಿ ಸೆಲ್ಸಿಯಸ್‌ನಾಗ ಅಳೆದದ್ದು. ನಿಮ್ಮ ಊರಾಗ ಏಪ್ರಿಲ್ ಮೇದಾಗ 40 ದಾಟತೈತಿ, ತಗಡಿನ ಕೆಳಗಂತೂ ಕೇಳಬ್ಯಾಡ್ರಿ. ಬಿಸಿ ಆದ್ರ ಬಾಲಿನ ಒಳಗಿನ ಗಾಳಿ ಒತ್ತಡ ಏರತೈತಿ, ರಬ್ಬರೂ ಹೆಚ್ಚು ಜಿಗೀತೈತಿ. ಬಾಲ್ ಬಿಡೂ ಎತ್ತರ ನಾಕ್ ಬೆರಳು ಇಳಿಸ್ರಿ, ಗ್ವಾಡಿಮ್ಯಾಲಿನ ಗುರಿ ತುಸು ಇಳಿಸ್ರಿ, ಎರಡು ಬಾಲ್ ಇಟ್ಕೊಂಡು ಒಂದು ಗೇಮಿಗೆ ಒಂದು ಅಂತ ಬದಲಿಸ್ಕೋತ ಆಡ್ರಿ. ಬಾಲ್ ಕಾರಿನಾಗ ಬಿಸಿಲಿಗೆ ಬಿಟ್ಟು ಬರಬ್ಯಾಡ್ರಿ. ಅಥವಾ ಬೆಳಿಗ್ಗೆ 6ಕ್ಕ ಆಡ್ರಿ, ಅದು ನಿಮ್ಮ ಮೈಗೂ ಚಲೋ.

ಸದಾಶಿವನಗರ, ಬೆಳಗಾವಿ

ಪ್ರಶ್ನೆ: ನಮ್ಮಲ್ಲಿ ರೆಫ್ರಿ ಇಲ್ಲ, ಪ್ರತಿ ಸರ್ವ್‌ಗೂ ಜಗಳ. ಗೆರಿ ತುಳಿದಿ, ಸ್ಕ್ರೀನ್ ಆತು, ಮೂರಡಿ ಗೆರಿ ಒಳಗ ನಿಂತಿ, ಹಿಂಗ. ಸೋತಾವ ಕುಂದಾ ಕೊಡಿಸಬೇಕು ಅಂತ ಪಂಥ ಬ್ಯಾರೆ. ನಿಯಮ ಏನು?

ಉತ್ತರ: ಕುಂದಾ ಪಂಥ ಇದ್ದಮ್ಯಾಲೆ ಜಗಳ ಸಹಜ ಬಿಡ್ರಿ.

ಗೆರಿ: ಶುರುವಿಗೆ ಎರಡೂ ಕಾಲು ಪಟ್ಟಿ ಒಳಗ ಇರ್ಬೇಕು. ಹೊಡೆವಾಗ ಮುಂದಿನ ಗೆರಿ ತುಳಿದ್ರ ತಪ್ಪಲ್ಲ, ಪಾದದ ಸ್ವಲ್ಪ ಭಾಗ ಆದ್ರೂ ಗೆರಿಮ್ಯಾಲೆ ಇಲ್ಲಾ ಒಳಗ ಉಳೀಬೇಕು, ಪೂರಾ ದಾಟಿದ್ರ ಫುಟ್ ಫಾಲ್ಟ್. ಬಾಲ್ ಶಾರ್ಟ್ ಲೈನ್ ದಾಟೂತನಕ ಪಟ್ಟಿ ಬಿಟ್ಟು ಹೋಗಂಗಿಲ್ಲ, ಇದನ್ನ ಭಾಳ ಮಂದಿ ಮರೀತಾರ, ಹೊಡ್ದ ಕೂಡ್ಲೇ ಹಿಂದ ಜಿಗೀತಾರ. ದಾಟಿದ ಮ್ಯಾಲೆ ಮಾತ್ರ ಅಲ್ಲೇ ನಿಂತು ತಮ್ಮ ಸರ್ವ್ ನೋಡ್ಕೋತ ನಿಂದರಬ್ಯಾಡ್ರಿ, ಎರಡು ಹೆಜ್ಜ್ಯಾಗ ತುಂಡ್ ಗೆರಿ ಹಿಂದ, ಕೋರ್ಟ್ ನಡಕ ಬರ್ರಿ. ಡ್ರೈವ್ ಸರ್ವ್ ಚಲೋ ಇದ್ದೂ ಸೋಲೂ ಮಂದಿ ಇಲ್ಲೇ ಸೋಲ್ತಾರ.

ಮೂರಡಿ ಗೆರಿ: ಎರಡೂ ಬದಿ ಗ್ವಾಡಿಯಿಂದ 3 ಅಡಿಗೆ ಪಟ್ಟಿ ಒಳಗ ಒಂದೊಂದು ಗೆರಿ ಇರತೈತಿ. ನೀವು ನಿಂತ ಕಡೇನೇ, ಅಂದ್ರ ನಿಮ್ಮ ಮೈಗೂ ಹತ್ರದ ಗ್ವಾಡಿಗೂ ನಡುವ ಹಾದು ಹೋಗಂಗ ಡ್ರೈವ್ ಹೊಡ್ಯೂದಾದ್ರ ಶುರುವಿನಿಂದ ಕೊನಿತನಕ ನೀವೂ ನಿಮ್ಮ ರಾಕೆಟ್ಟೂ ಆ 3 ಅಡಿ ಹೊರಗ ಇರ್ಬೇಕು. ಆ ಕಡೆಯಿಂದ ಈ ಕಡೆ ಅಡ್ಡ ಹೊಡದ್ರ, ಇಲ್ಲಾ ಲಾಬ್, ಜೆಡ್ ಸರ್ವ್ (ಇವೆರಡು ಏನಂತ ಕೆಳಗಿನ ಉತ್ತರದಾಗ ಐತಿ) ಹೊಡದ್ರ ಈ ನಿಯಮ ಇಲ್ಲ.

ಸ್ಕ್ರೀನ್: ಬಾಲ್ ನಿಮ್ಮ ಮೈಗೆ ಅಷ್ಟು ಹತ್ರ ಹಾದು ಎದುರಿನಾವನಿಗೆ ಕಾಣದಂಗ ಆದ್ರ ಅದು ಫಾಲ್ಟ್, ಪಾಯಿಂಟ್ ಹೋಗಂಗಿಲ್ಲ, ಎರಡನೇ ಸರ್ವ್ ಸಿಗತೈತಿ. ಒಂದೂವರಿ ಅಡಿ ಒಳಗ ಹಾದ್ರ ಸ್ಕ್ರೀನ್ ಅನ್ನೂದು ಆಟಗಾರರ ಅಂದಾಜು. ರೆಫ್ರಿ ಇಲ್ದಾಗ ಕಾಣಲಿಲ್ಲ ಅಂತ ಹೇಳೂ ಹಕ್ಕು ರಿಸೀವರ್‌ಗೇ ಬಿಡ್ರಿ, ಆದ್ರ ಅವ ಕೂಡ್ಲೇ ಹೇಳ್ಬೇಕು, ಹೊಡ್ದು ತಪ್ಪಿದ ಮ್ಯಾಲಲ್ಲ. ಮತ್ತ ಮುಂದಿನ ಗ್ವಾಡಿ ಬಿಟ್ಟು ಬದಿ ಗ್ವಾಡಿಗೆ ಮೊದ್ಲು ತಾಗಿದ್ರ, ಇಲ್ಲಾ ಮುಂದಿನ ಗ್ವಾಡಿ-ನೆಲದ ಸಂದಿಗೆ ಬಡಿದ್ರ ಎರಡನೇ ಸರ್ವ್ ಇಲ್ಲ, ಸೀದಾ ಸರ್ವ್ ಮಾಡೂ ಸರದಿನೇ ಎದುರಿನಾವನಿಗೆ ಹೋಗತೈತಿ. ಪಾಯಿಂಟ್ ಹೇಳಿದ ಮ್ಯಾಲೆ 10 ಸೆಕೆಂಡ್ ಒಳಗ ಸರ್ವ್ ಆಗ್ಬೇಕು ಅಂತಾನೂ ಐತಿ, ಹಿಂಗಾಗಿ ಜಗಳ ಮಾಡೂದಿದ್ರ 10 ಸೆಕೆಂಡ್ ಒಳಗ ಮಾಡಿ ಮುಗಿಸ್ರಿ.

ಜಲನಗರ, ವಿಜಯಪುರ

ಪ್ರಶ್ನೆ: ನನಗ 58 ವರ್ಷ. ಡ್ರೈವ್ ಸರ್ವ್ ಹತ್ತು ಹೊಡದ್ರ ಭುಜ ಹಿಡೀತದ. ಬಿಡಬೇಕೇನು?

ಉತ್ತರ: ನೋವು ಎರಡು ವಾರ ಇದ್ರ ಮೊದ್ಲು ಡಾಕ್ಟರ್ ಹತ್ರ ಹೋಗ್ರಿ, ಪತ್ರ ಆಮ್ಯಾಲೆ ಬರೀರಿ. ಪೂರಾ ಬಿಡೂದು ಬ್ಯಾಡ, ಆದ್ರ ದಿನಾ ಊಟಕ್ಕ ಅದನ್ನs ಬಡಸಬ್ಯಾಡ್ರಿ. ಲಾಬ್ ಸರ್ವ್ ಮುಖ್ಯ ಮಾಡ್ಕೋರಿ, ಎತ್ತರ ಹೋಗಿ ಮೆತ್ತಗ ಮೂಲಿಗೆ ಇಳಿಯೂದು, ಇಲ್ಲಾ ಜೆಡ್: ಮುಂದಿನ ಗ್ವಾಡಿಯ ಬಲಮೂಲಿ ಹತ್ರ ಹೊಡ್ದು, ಬಲಗ್ವಾಡಿ ತಾಗಿ, ಕೋರ್ಟ್ ಅಡ್ಡ ದಾಟಿ ನೆಲಕ್ಕ ಬಿದ್ದು ಎಡಗ್ವಾಡಿಗೆ ಹೋಗೂದು, ನೆಲಕ್ಕ ಬೀಳೂಕಿಂತ ಮೊದ್ಲು ಎಡಗ್ವಾಡಿ ತಾಗಿದ್ರ ಫಾಲ್ಟ್. ಇವೆರಡಕ್ಕೂ ತಾಕತ್ ಬೇಕಿಲ್ಲ, ಲೆಕ್ಕ ಬೇಕು, ಅದು ವಯಸ್ಸಾದಂಗ ನಮಗ ಹೆಚ್ಚೇ ಇರತೈತಿ. ಎದುರಿನಾವ ಲಾಬ್ ಬರತೈತಿ ಅಂತ ಮುಂದ ಬಂದು ನಿಂತಾಗ ಒಂದೇ ಒಂದು ಡ್ರೈವ್. ಭುಜ ಹಿಡಿಯೂದು ಬಹಳ ಸಲ ಕಾಲು ಬಳಸದ್ದಕ್ಕ, ಮೊದಲ ಉತ್ತರದಾಗಿನ ಎರಡ್ ಹೆಜ್ಜಿ ಮಾಡಿ ನೋಡ್ರಿ, ಮತ್ತ ಆಟಕ್ಕ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡ್ಕೋರಿ.

ವಿದ್ಯಾಗಿರಿ, ಬಾಗಲಕೋಟಿ

ಪ್ರಶ್ನೆ: ಡ್ರೈವ್ ಸರ್ವ್ ಕಲಿಯೂಕ ಯಾರ ಆಟ ನೋಡ್ಲಿ?

ಉತ್ತರ: ಅಮೆರಿಕದ ಕ್ಲಿಫ್ ಸ್ವೇನ್ ಹಳೇ ವಿಡಿಯೋ, ಡ್ರೈವ್ ಸರ್ವ್‌ಗೇ ಹೆಸರಾದಾವ. ಕೆನಡಾದ ಕೇನ್ ವಾಸೆಲೆನ್‌ಚಕ್, ಅವನಷ್ಟು ಗೆದ್ದಾವ ಈ ಆಟದಾಗ ಸಿಗೂದು ಕಷ್ಟ. ಹೆಣ್ಮಕ್ಕಳಾಗ ಮೆಕ್ಸಿಕೋದ ಪಾವೊಲಾ ಲೊಂಗೋರಿಯಾ. ಒಂದು ಮಾತು, ಸ್ವೇನೂ ವಾಸೆಲೆನ್‌ಚಕ್ಕೂ ಇಬ್ರೂ ಎಡಗೈ ಆಟಗಾರರು, ನೀವು ಬಲಗೈಯವ್ರಾದ್ರ ಅವರ ವಿಡಿಯೋ ಫೋನಿನಾಗ ಎಡ-ಬಲ ತಿರುವಿ ಹಾಕ್ಕೊಂಡು ನೋಡ್ರಿ, ಇಲ್ಲಂದ್ರ ಕಾಲು ಉಲ್ಟಾ ಕಲೀತೀರಿ. ಮತ್ತ ಬಾಲ್ ಹೋಗೂ ಕಡೆ ನೋಡಬ್ಯಾಡ್ರಿ, ಅದು ಕಣ್ಣಿಗೆ ಸಿಗಂಗೂ ಇಲ್ಲ, ಬಾಲ್ ಹಿಡಿದ ಕೈ ನೋಡ್ರಿ, ನಿಧಾನ ಮಾಡಿ ನೋಡ್ರಿ, ಎಷ್ಟು ಕೆಳಗಿಂದ ಬಿಡ್ತಾರ ಅಂತ.